‘ಹಾರ್ಡ್ಲಿ’ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಸನ್ಮಾನಕ್ಕೆ ಉತ್ತರವಾಗಿ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಆಗಲೇ ಹೇಳಿಯಾಯಿತು. ನಾನು ಮೇಷ್ಟ್ರು, ನನಗೆ ಬರುವುದು ಪಾಠ ಒಂದೇ. ಆದ್ದರಿಂದ ಒಂದು ಸಣ್ಣ ಪಾಠ ಮಾಡಿ, ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಂಡು ಕೂರುತ್ತೇನೆ.

ಇವತ್ತಿನ ಪಾಠ: ಇಂಗ್ಲಿಷಿನಲ್ಲಿ ‘ಇಲ್ಲ’ ಎನ್ನುವುದು ಹೇಗೆ?

ಕನ್ನಡದಲ್ಲಿ ನಾವು ಪೂರ್ತಿ ಮಾತು ಹೇಳಿ ಕೊನೆಗೆ ‘ಇಲ್ಲ’ ಸೇರಿಸುತ್ತೇವೆ. ‘ಅವನು ನಿನ್ನೆ ಸಂತೆಗೆ ಹೋಗಲಿಲ್ಲ.’ ಕೊನೆಯವರೆಗೆ ಕೇಳಿದರೆ ಮಾತ್ರ ಹೋದನೋ ಇಲ್ಲವೋ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕಿಂತ ಮೊದಲೇ ‘ನಾಟ್’ ಬಂದು ನಿಲ್ಲುತ್ತದೆ, ಅದಕ್ಕೆ ಊರುಗೋಲಾಗಿ ‘ಡು’, ‘ಡಸ್’, ‘ಡಿಡ್’ ಬರುತ್ತವೆ. ‘ಹಿ ಡಿಡ್ ನಾಟ್ ಗೋ.’ ನಮ್ಮ ಮಕ್ಕಳು ಇದನ್ನು ‘ಹಿ ಡಿಡ್ ನಾಟ್ ವೆಂಟ್’ ಎಂದು ಬರೆಯುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ, ಅವರು ಮತ್ತೆ ಹಾಗೆಯೇ ಬರೆಯುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆಯಿತು.

ಒಂದು ದಿನ ನನಗೆ ಹೊಳೆಯಿತು: ಇದಕ್ಕೆ ಉತ್ತರ ಕನ್ನಡದಲ್ಲೇ ಇದೆಯಲ್ಲ! ‘ಹೋದನು’ ಎಂಬುದರಲ್ಲಿ ಭೂತಕಾಲ ಇದೆ. ಅದನ್ನು ಇಲ್ಲವಾಗಿಸುವಾಗ ನಾವು ‘ಹೋದನಿಲ್ಲ’ ಎನ್ನುತ್ತೇವೆಯೇ? ಇಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ. ಕ್ರಿಯಾಪದ ಮತ್ತೆ ‘ಹೋಗು’ ಎಂಬ ಮೂಲಕ್ಕೆ ಮರಳುತ್ತದೆ. ಇಂಗ್ಲಿಷಿನಲ್ಲೂ ಅದೇ: ‘ವೆಂಟ್’ ಹೋಗಿ ‘ಗೋ’ ಉಳಿಯುತ್ತದೆ, ಭೂತಕಾಲದ ಹೊರೆಯನ್ನು ‘ಡಿಡ್’ ಹೊರುತ್ತದೆ. ‘ಹಿ ಗೋಸ್’ ಎಂಬುದು ‘ಹಿ ಡಸ್ ನಾಟ್ ಗೋ’ ಆಗುವಾಗಲೂ ಹಾಗೆಯೇ. ಕೊನೆಯ ‘ಎಸ್’ ‘ಡಸ್’ ಒಳಗೆ ಸೇರಿಬಿಡುತ್ತದೆ. ಹೀಗೆ ಹೇಳಿಕೊಟ್ಟ ಮೇಲೆ ಆ ತಪ್ಪು ಬಹಳ ಕಡಿಮೆಯಾಯಿತು.

ಇನ್ನು ಕ್ರಿಯಾವಿಶೇಷಣ. ‘ನಾನು ಯಾವಾಗಲೂ ಸುಳ್ಳು ಹೇಳುವುದಿಲ್ಲ’ ಎನ್ನಲು ಹೊರಟ ಹುಡುಗ ‘ಐ ಡು ನಾಟ್ ಆಲ್ವೇಸ್ ಟೆಲ್ ಲೈಸ್’ ಎಂದು ಬರೆದ. ಇಂಗ್ಲಿಷಿನಲ್ಲಿ ಅದರ ಅರ್ಥ, ‘ನಾನು ಸದಾ ಸುಳ್ಳು ಹೇಳುವವನಲ್ಲ, ಆಗಾಗ ಮಾತ್ರ ಹೇಳುತ್ತೇನೆ’ ಎಂದು! ‘ನಾಟ್’ ತನ್ನ ಹಿಂದೆ ಬರುವ ‘ಆಲ್ವೇಸ್’ ಅನ್ನೇ ಇಲ್ಲವಾಗಿಸಿತು. ಅವನಿಗೆ ಬೇಕಾಗಿದ್ದದ್ದು ‘ಎಂದೂ ಇಲ್ಲ’ ಎನ್ನುವ ‘ನೆವರ್’: ‘ಐ ನೆವರ್ ಟೆಲ್ ಲೈಸ್.’ ಅಲ್ಲಿ ‘ನಾಟ್’ ಬೇಡ. ‘ನೆವರ್’ ಒಳಗೇ ‘ಇಲ್ಲ’ ಇದೆ.

ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಐ ರಿಯಲಿ ಡೋಂಟ್ ನೋ’ ಎಂದರೆ ‘ನಿಜವಾಗಿಯೂ ನನಗೆ ಗೊತ್ತಿಲ್ಲ’. ‘ಐ ಡೋಂಟ್ ರಿಯಲಿ ನೋ’ ಎಂದರೆ ‘ಅಷ್ಟಾಗಿ ಗೊತ್ತಿಲ್ಲ’. ಕನ್ನಡದಲ್ಲಿ ನಾವು ಪದವನ್ನೇ ಬದಲಾಯಿಸುತ್ತೇವೆ, ಇಂಗ್ಲಿಷಿನಲ್ಲಿ ಅದೇ ಪದವನ್ನು ಎತ್ತಿ ಬೇರೆ ಕಡೆ ಇಡುತ್ತಾರೆ.

ಮೂರನೆಯದು ‘ಯೆಸ್’ ಮತ್ತು ‘ನೋ’. ‘ಹ್ಯಾವಂಟ್ ಯು ಡನ್ ದಿ ಹೋಂವರ್ಕ್?’ ಎಂದು ಕೇಳಿದರೆ ಮಕ್ಕಳು ‘ಯೆಸ್ ಸಾರ್’ ಎನ್ನುತ್ತಿದ್ದರು. ನಾನು ನೋಟ್‌ಬುಕ್ಕಿಗೆ ಕೈ ಚಾಚುತ್ತಿದ್ದೆ, ಅವರು ತಲೆ ತಗ್ಗಿಸುತ್ತಿದ್ದರು. ‘ಮಾಡಿಲ್ಲವೇ?’ ಎಂದರೆ ನಾವು ಕನ್ನಡದಲ್ಲಿ ‘ಹೌದು ಸಾರ್, ಮಾಡಿಲ್ಲ’ ಎಂದು ಕೇಳಿದವರ ಮಾತನ್ನು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಕೆಲಸ ಆಗಿದ್ದರೆ ‘ಯೆಸ್’, ಆಗಿಲ್ಲದಿದ್ದರೆ ‘ನೋ’, ಪ್ರಶ್ನೆ ಹೇಗೇ ಇರಲಿ. ತರಗತಿಯಲ್ಲಿ ಇದು ನಗುವ ಮಾತು. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ‘ಬೆಳಗ್ಗೆ ಮಾತ್ರೆ ತಗೊಂಡಿಲ್ಲವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಇಲ್ಲವೇ ಸಂದರ್ಶನದಲ್ಲಿ ‘ನಿಮಗೆ ಅನುಭವ ಇಲ್ಲವಾ?’ ಎಂದಾಗ, ಬರೀ ‘ಯೆಸ್’ ಎಂದರೆ ತೊಂದರೆ. ಅಂಥ ಕಡೆ ಒಂದೇ ಪದದಲ್ಲಿ ಉತ್ತರಿಸಬೇಡಿ. ‘ಐ ಹ್ಯಾವ್ ಟೇಕನ್ ಇಟ್’, ‘ಐ ಹ್ಯಾವ್ ನಾಟ್ ಟೇಕನ್ ಇಟ್’ ಎಂದು ಪೂರ್ತಿ ಹೇಳಿ.

ಈಗ ನನ್ನ ತಪ್ಪಿನ ವಿಷಯ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಯಲ್ಲಿ ‘ನನ್ನ ತಂದೆ’ ಎಂದು ಪ್ರಬಂಧ ಬರೆಸಿದ್ದೆ. ಒಬ್ಬ ಹುಡುಗ ಬರೆದಿದ್ದ: ‘ಮೈ ಫಾದರ್ ಹಾರ್ಡ್ಲಿ ವರ್ಕ್ಸ್ ಇನ್ ದಿ ಫೀಲ್ಡ್.’ ನಾನು ಅದನ್ನು ಗಟ್ಟಿಯಾಗಿ ಓದಿ, ‘ಏನೋ, ನಿಮ್ಮಪ್ಪ ಹೊಲದಲ್ಲಿ ಕೆಲಸವನ್ನೇ ಮಾಡಲ್ಲವೇನೋ?’ ಎಂದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನು ನಿಂತಲ್ಲೇ, ‘ಇಲ್ಲ ಸಾರ್, ಕತ್ತಲಾಗೋ ತನಕ ಮಾಡ್ತಾರೆ’ ಎಂದ. ಆಮೇಲೆ ಆ ವರ್ಷವೆಲ್ಲ ಅವನು ಇಂಗ್ಲಿಷ್ ಓದಲು ಎದ್ದು ನಿಲ್ಲಲಿಲ್ಲ.

ಅವನು ಮಾಡಿದ್ದು ಎಂಥ ತಪ್ಪು? ‘ಸ್ಲೋ’ಗೆ ‘ಸ್ಲೋಲಿ’, ‘ಕ್ವಿಕ್’ಗೆ ‘ಕ್ವಿಕ್ಲಿ’ ಎಂದು ಕಲಿಸಿದವನು ನಾನೇ. ಅದೇ ನಿಯಮ ಹಿಡಿದು ಅವನು ‘ಹಾರ್ಡ್’ಗೆ ‘ಹಾರ್ಡ್ಲಿ’ ಎಂದ. ‘ಹಾರ್ಡ್’ ಮತ್ತು ‘ಫಾಸ್ಟ್’ ಆ ನಿಯಮಕ್ಕೆ ಸಿಗುವುದಿಲ್ಲ, ‘ವರ್ಕ್ಸ್ ಹಾರ್ಡ್’ ಎಂದೇ ಹೇಳಬೇಕು, ‘ಹಾರ್ಡ್ಲಿ’ ಎಂದರೆ ‘ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ’, ‘ನಾಟ್’ ಇಲ್ಲದೆಯೂ ಅದು ‘ಇಲ್ಲ’ ಎನ್ನುವ ಪದ ಎಂದು ನಾನು ಮೊದಲೇ ಹೇಳಿಕೊಟ್ಟಿರಲಿಲ್ಲ. ತಪ್ಪು ನನ್ನದು, ನಗೆಪಾಟಲಾದವನು ಅವನು. ಅದರ ಜೊತೆಗೆ ಒಬ್ಬ ದುಡಿಯುವ ರೈತನ ಮರ್ಯಾದೆಯೂ ಹೋಯಿತು.

ಅಂದಿನಿಂದ ಯಾವ ಮಗುವಿನ ತಪ್ಪನ್ನೂ ನಾನು ಗಟ್ಟಿಯಾಗಿ ಓದಿ ನಗಲಿಲ್ಲ. ತಪ್ಪಿನ ಹಿಂದೆ ಆ ಮಗು ಯಾವ ದಾರಿಯಲ್ಲಿ ಯೋಚಿಸಿತು ಎಂದು ಹುಡುಕುವ ಅಭ್ಯಾಸ ಬಂತು. ಬಹುಪಾಲು ಸಲ ಆ ದಾರಿ ಕನ್ನಡದಿಂದಲೋ, ನಾವೇ ಅರ್ಧ ಹೇಳಿಕೊಟ್ಟ ನಿಯಮದಿಂದಲೋ ಬಂದಿರುತ್ತಿತ್ತು.

ಇಂದಿನ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಇಂಗ್ಲಿಷ್ ಕಲಿಸುವಾಗ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ. ‘ಹೋಗಲಿಲ್ಲ’ ಗೊತ್ತಿರುವ ಮಗುವಿಗೆ ‘ಡಿಡ್ ನಾಟ್ ಗೋ’ ಅರ್ಧ ಗೊತ್ತಿದ್ದ ಹಾಗೆಯೇ. ಊರಿನ ತಂದೆತಾಯಿಯರೇ, ಮಕ್ಕಳು ತಪ್ಪು ಇಂಗ್ಲಿಷ್ ಮಾತಾಡಿದರೆ ನಗಬೇಡಿ. ಮಾತಾಡದೆ ಸುಮ್ಮನಿರುವ ಮಗುವನ್ನು ತಿದ್ದುವುದು ಯಾರಿಂದಲೂ ಆಗುವುದಿಲ್ಲ.

ಆ ಹುಡುಗ, ಈಗ ದೊಡ್ಡವರಾಗಿರಬೇಕು, ಈ ಸಭೆಯಲ್ಲಿದ್ದರೆ ಒಂದು ಮಾತು. ಅಪ್ಪಾ, ನಿಮ್ಮ ತಂದೆ ಎಷ್ಟು ದುಡಿಯುತ್ತಿದ್ದರೆಂದು ನನಗೆ ಅವತ್ತೇ ಗೊತ್ತಿತ್ತು. ಆ ವಾಕ್ಯವನ್ನು ತಿದ್ದಿ, ‘ಮೈ ಫಾದರ್ ವರ್ಕ್ಸ್ ಹಾರ್ಡ್’ ಎಂದು ಬರೆದು, ನಿಮ್ಮ ಪ್ರಬಂಧಕ್ಕೆ ಒಳ್ಳೆಯ ಅಂಕ ಕೊಡಬೇಕಾಗಿತ್ತು. ಅದನ್ನು ಇವತ್ತು ಎಲ್ಲರ ಮುಂದೆ ಕೊಟ್ಟಿದ್ದೇನೆ, ಸ್ವೀಕರಿಸಿ.