ರಾಯಬಾಗ ಸೀಮೆಯ ವಿದ್ಯಾರ್ಥಿಯ ದಿನಚರ್ಯೆ
(ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಠಗಳ ಉತ್ಸವಗಳಲ್ಲಿ ವಿದ್ಯೆಯ ಮಹಿಮೆಯನ್ನು ಕುರಿತು ಭಾಷಣಗಳಾಗುವದು ವಾಡಿಕೆಯು. ದಾನಿಗಳ ಸ್ತೋತ್ರವಾಗುವದು, ಕಟ್ಟಿಸಿದ ಕೋಣೆಗಳ ಲೆಕ್ಕವಾಗುವದು, ಉತ್ತೀರ್ಣರಾದವರ ಸಂಖ್ಯೆಯನ್ನು ಓದಿ ಹೇಳಲಾಗುವದು. ಆದರೆ ಆ ವಿದ್ಯೆಯನ್ನು ಪಡೆಯುವ ಹದಿನೈದು ವರ್ಷದ ಮಗುವು ನಸುಕಿನಿಂದ ರಾತ್ರಿಯ ವರೆಗೆ ದಿನವನ್ನು ಹೇಗೆ ಕಳೆಯುತ್ತದೆ, ಅದಕ್ಕೆ ಯಾವುದರಲ್ಲಿ ರುಚಿ, ರಜೆ ಬಂದಾಗ ಅದು ಏನು ಮಾಡುತ್ತದೆ, ಅದರ ಮನೋಗತವೇನು ಎಂದು ಕೇಳುವವರು ವಿರಳರು. ಆದಕಾರಣ ಇಂದಿನ ಭಾಷಣಕ್ಕೆ ಆ ಮಗುವಿನ ಒಂದು ದಿನವೇ ವಿಷಯವು. ಇಲ್ಲಿ ಬರುವ ಬಾಲಕಿಯು ಯಾವ ಒಬ್ಬಳೂ ಅಲ್ಲ. ಈ ಸೀಮೆಯ ಹಲವು ಮನೆಗಳ ಮಕ್ಕಳನ್ನು ಕೂಡಿಸಿ ಒಬ್ಬಳನ್ನಾಗಿ ಹೇಳಿದೆ. ಕೇಳುವವರಲ್ಲಿ ಕೆಲವರಿಗೆ ತಮ್ಮ ಮನೆಯ ಮಗಳೇ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ರಾಯಬಾಗ ತಾಲೂಕಿನ ಒಕ್ಕಲಿಗರಲ್ಲಿ ಅನೇಕರು ಊರೊಳಗೆ ಇರದೆ ತಮ್ಮ ತಮ್ಮ ತೋಟಗಳಲ್ಲಿಯೇ ಮನೆ ಕಟ್ಟಿಕೊಂಡಿರುವರೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಮನೆಗಳ ಕೂಸುಗಳಿಗಾಗಿ ತೋಟಗಳಲ್ಲಿಯೇ ಕಿರಿಯ ಶಾಲೆಗಳಾದವು. ತೋಟದ ಹೆಸರೇ ಶಾಲೆಯ ಹೆಸರೂ ಆಯಿತು. ಅಲ್ಲಿಯ ವರೆಗೆ ಚಿಂತೆಯಿಲ್ಲ. ಪ್ರೌಢಶಾಲೆಯು ಮಾತ್ರ ದೊಡ್ಡ ಊರಲ್ಲಿರುವದು. ತೋಟದಿಂದ ಬಸ್ಸಿನ ದಾರಿಯ ವರೆಗೆ ಕಬ್ಬಿನ ಹೊಲಗಳ ನಡುವೆ ಕಾಲುದಾರಿ; ಶ್ರಾವಣ ಕಳೆದ ಮೇಲೆ ಆ ಕಬ್ಬು ಆಳುದ್ದ ಮೀರಿ ಬೆಳೆದು, ಎರಡು ಮಾರು ಮುಂದೆ ಯಾರಿರುವರೆಂಬುದೂ ಕಾಣದಂತಾಗುವದು.

ಬಾಲಕಿಯು ಐದು ಗಂಟೆಗೆ ಏಳುವಳು. ಅಂಗಳ ಗುಡಿಸಿ, ದನಗಳ ಸೆಗಣಿ ಬಳಿದು, ಅವ್ವನ ಸಂಗಡ ರೊಟ್ಟಿ ಬಡಿಯುವಳು. ಅಣ್ಣನಿಗೂ ಕೆಲಸ ಕಡಿಮೆಯಲ್ಲ. ಪಂಪಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದ ವಾರ ಅವನು ತಂದೆಯೊಡನೆ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ತಿರುಗಿಸಿ, ಬೆಳಿಗ್ಗೆ ಹಾಲು ಡೇರಿಗೆ ಮುಟ್ಟಿಸಿ, ಕಣ್ಣು ಕೆಂಪಗೆ ಮಾಡಿಕೊಂಡೇ ವರ್ಗದಲ್ಲಿ ಕೂಡ್ರುವನು. ಗುರುಗಳು ಅವನನ್ನು ತೂಕಡಿಸುವ ಹುಡುಗನೆಂದು ಕರೆಯುವರು. ತೂಕಡಿಕೆಯ ಕಾರಣವನ್ನು ಹುಡುಗನು ತಾನಾಗಿ ಹೇಳುವದಿಲ್ಲ.

ಶಾಲೆಯಲ್ಲಿ ಹಾಲುಂಟು, ಸರಕಾರದ ಕ್ಷೀರಭಾಗ್ಯವು 2013ರ ಆಗಸ್ಟದಲ್ಲಿ ಆರಂಭವಾಯಿತು. ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂದು ಹೆಸರು. ಶರಣರ ಮಾತು ಸರಕಾರದ ಕಾಗದಪತ್ರಗಳಲ್ಲಿ ದಿನದಿನವೂ ಬರೆಯಲ್ಪಡುವದು ಸಣ್ಣ ಸಂಗತಿಯಲ್ಲ. 2023ರ ಜೂನದಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣವು ಉಚಿತವಾಗಿರುವದು. ಆದರೆ ಬಾಲಕಿಯ ಕಷ್ಟವು ತಿಕೀಟಿನದಲ್ಲ, ಹೊತ್ತಿನದು. ಹತ್ತನೆಯ ವರ್ಗದವರಿಗೆ ಸಂಜೆ ವಿಶೇಷ ಪಾಠಗಳಾಗುವವು. ಪಾಠ ಮುಗಿದು ಬಸ್ಸು ಹಿಡಿದು ದಾರಿಗೆ ಇಳಿಯುವಷ್ಟರಲ್ಲಿ ಕತ್ತಲೆ. ಮುಂದೆ ಆ ಕಬ್ಬಿನ ಕಾಲುದಾರಿ. ತಂದೆಯು ದಾರಿಗೆ ಬಂದು ನಿಂತರೆ ಆಕೆಯ ಕಲಿಕೆ ನಡೆಯುವದು. ಕಬ್ಬು ಕಡಿಯುವ ಕಾಲದಲ್ಲಿ ತಂದೆಗೆ ಬಿಡುವಿಲ್ಲ. ಒಂದು ವಾರ ಹೀಗೆ ತಪ್ಪಿತೆಂದರೆ, “ಸಾಕು, ಇನ್ನ ಮನ್ಯಾಗ ಓದಲಿ” ಎಂಬ ಮಾತು ಜಗುಲಿಯ ಮೇಲೆ ಹುಟ್ಟುವದು. ಮನೆಯಲ್ಲಿ ಓದುವದೆಂದರೇನೆಂಬುದು ಆ ಮಾತನ್ನು ಆಡಿದವರಿಗೂ ಗೊತ್ತು!

ಹಿಂದಿನವರ ಕಷ್ಟವು ಬೇರೆ ಬಗೆಯದಿತ್ತು. ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಅದಕ್ಕೂ ಮೊದಲೇ ಕೊಲ್ಲಾಪುರದಲ್ಲಿ ಒಂದೊಂದು ಸಮಾಜದ ಬಡ ಹುಡುಗರಿಗಾಗಿ ವಸತಿಗೃಹಗಳಿಗೆ ಆಶ್ರಯವಿತ್ತರು, ಅವುಗಳಲ್ಲಿ ವೀರಶೈವ-ಲಿಂಗಾಯತ ವಿದ್ಯಾರ್ಥಿಗಳದೂ ಒಂದು. ಬ್ರಿಟಿಷ್ ಮುಲುಕಿನ ಊರುಗಳ ಹುಡುಗರು ಬೆಳಗಾವಿಗೆ, ಧಾರವಾಡಕ್ಕೆ ಹೋಗುವರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕಥೆಯು ಇಲ್ಲಿ ವಿಸ್ತರಿಸಬೇಕಾದದ್ದಲ್ಲ. ಶಾಲೆ ಸಿಕ್ಕರೂ ಊಟದ ಪ್ರಶ್ನೆ ಉಳಿಯುತ್ತಿತ್ತು. ವಾರಕ್ಕೆ ಏಳು ಮನೆಗಳಲ್ಲಿ ವಾರಾನ್ನ ಹಚ್ಚಿಕೊಂಡು, ಒಂದು ಮನೆ ತಪ್ಪಿದ ದಿನ ನೀರು ಕುಡಿದು ಮಲಗಿದವರೆಷ್ಟೋ. ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯಪ್ಪಗಳೂ ಬೆಳಗಾವಿಯಲ್ಲಿ ನಾಗನೂರ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳೂ ಉಚಿತ ಪ್ರಸಾದನಿಲಯಗಳನ್ನು ನಡೆಸಿ ಆ ಹಸಿವನ್ನು ನೀಗಿಸಿದರು. ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಜೋಳದಿಂದ ಆ ನಿಲಯಗಳ ಒಲೆ ಉರಿಯಿತು. ಪಕ್ಕದ ಗೋಕಾವಿ ಸೀಮೆಯ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತ ಕಲಿತು ಬಂದು, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಹಳ್ಳಿಯ ಹುಡುಗನಿಗೆ ಬಾಗಿಲು ತೆರೆದರೆ ಅವನು ಎಲ್ಲಿಯ ವರೆಗೆ ಹೋಗಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಕಾಲದ ಬಾಗಿಲುಗಳೊಳಗೆ ಹೋದವರು ಬಹುಮಟ್ಟಿಗೆ ಗಂಡುಹುಡುಗರೇ ಎಂಬುದನ್ನೂ ಮರೆಯಲಾಗದು.

ಇನ್ನು ಇಂದಿನ ಮಕ್ಕಳ ರುಚಿಗಳು. ಹುಡುಗನಿಗೆ ಕಬಡ್ಡಿ, ಗರಡಿ, ಎತ್ತಿನ ಗಾಡಿಯ ಶರ್ಯತ್ತು. ಯಾವ ಊರ ಜೋಡಿ ಯಾವ ವರ್ಷ ಗೆದ್ದಿತೆಂಬುದು ಅವನಿಗೆ ಕಂಠಪಾಠ. ಇತಿಹಾಸದ ಇಸವಿಗಳು ಮಾತ್ರ ನೆನಪಿರುವದಿಲ್ಲ. ಹುಡುಗಿಗೆ ಖೋ-ಖೋ, ರಂಗವಲ್ಲಿ, ಹಾಡು. ಇಬ್ಬರಿಗೂ ಮೊಬಾಯಿಲ್. ಹಿರಿಯರು ಅದನ್ನು ಬಯ್ಯುವದರಲ್ಲಿ ನ್ಯಾಯವುಂಟು. ಆದರೆ 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಅದೇ ಯಂತ್ರವನ್ನು ಪಾಠಕ್ಕೆಂದು ಮಕ್ಕಳ ಕೈಗೆ ಇತ್ತವರೂ ಹಿರಿಯರೇ ಅಲ್ಲವೇ? ಮನೆಗೊಂದೇ ಇದ್ದಲ್ಲಿ ಅದು ಮೊದಲು ಯಾರ ಕೈಗೆ ಹೋಯಿತೆಂಬುದನ್ನೂ ಸ್ವಲ್ಪ ನೆನೆಯಬೇಕು.

ರಜೆಯ ಮಾತು ವಿಚಿತ್ರವಾದದ್ದು. ದಸರೆಯ ರಜೆ ಮುಗಿಯುವಷ್ಟರಲ್ಲಿ ಕಬ್ಬಿನ ಕಾರಖಾನೆಗಳು ಹೊಗೆಯಾಡಹತ್ತುವವು. ಬೇಸಿಗೆಯ ರಜೆಯಲ್ಲಿ ಕೂಳೆ ಕಬ್ಬಿನ ಕಸ ತೆಗೆಯುವದು, ಗೊಬ್ಬರ ಹಾಕುವದು. ಎಂದರೆ ಮಕ್ಕಳ ರಜೆಯು ತೋಟದ ಕೆಲಸದ ದಿನಗಳೇ ಸರಿ. ನಾಗರಪಂಚಮಿಯ ಜೋಕಾಲಿ ಒಂದು ದಿನ. ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆ ಒಂದು ದಿನ. ಎಲ್ಲಕ್ಕೂ ದೊಡ್ಡದು ಮಾಘಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದಿಂದ ಎತ್ತಿನ ಗಾಡಿಗಳ ಸಾಲುಗಳು ಬರುವವು, ಭಂಡಾರದಿಂದ ದಾರಿಯೇ ಹಳದಿಯಾಗುವದು. ಹತ್ತನೆಯ ವರ್ಗದವರ ಪಾಲಿಗೆ ಅದು ಪರೀಕ್ಷೆಯ ಸಿದ್ಧತೆಯ ಕಾಲ. ಮನೆಗೆ ನೆಂಟರು ಬಂದಿಳಿಯುವರು. ಹುಡುಗಿಯ ಪುಸ್ತಕವು ಮಡಚಿಕೊಳ್ಳುವದು. ಬೇಡದ ರಜೆಯೂ ಒಂದು ಬಂದಿತ್ತು: 2019ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ದಂಡೆಯ ಊರುಗಳು ಮುಳುಗಿದಾಗ ಶಾಲೆಗಳು ನಿರಾಶ್ರಿತರ ಆಸರೆಗಳಾದವು. ಮಕ್ಕಳು ದಿನವೂ ಪಾಠ ಕೇಳುತ್ತಿದ್ದ ಕೋಣೆಯಲ್ಲಿಯೇ ಅಜ್ಜಿಯೊಡನೆ ಚಾಪೆ ಹಾಸಿ ಮಲಗಿದರು. ನೀರಿಳಿದ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಒಣಗಿಸಿದರೂ ಹಾಳೆಗಳು ಬಿಡಿಸಲಾರದಷ್ಟು ಅಂಟಿಕೊಂಡಿದ್ದವು.

ಮನೋಗತವನ್ನು ಕೇಳಿದರೆ ಈ ಮಕ್ಕಳು ಮೊದಲು ನಾಚುವರು. ತುಸು ತಾಳಿದರೆ ಹೇಳುವರು. ಹುಡುಗನು ಒಕ್ಕಲುತನವನ್ನು ಹೀನವೆಂದು ಎಣಿಸುವದಿಲ್ಲ. ಅಪ್ಪನು ಸಾಲವನ್ನು ಮುಚ್ಚಿಡುವದು ಅವನಿಗೆ ಸೇರದು. “ಲೆಕ್ಕಾ ನನಗೂ ತೋರಸ್ರಿ ಅಪ್ಪಾ” ಎಂಬುದು ಅವನ ಬೇಡಿಕೆ. ಹುಡುಗಿಯ ಮಾತು ಇನ್ನೂ ಚಿಕ್ಕದು. “ಅವ್ವಾ, ನಾಳೆ ಪರೀಕ್ಷಾ ಐತಿ, ಇವತ್ತೊಂದ ದಿನ ದನಾ ಅಣ್ಣ ಕಟ್ಟಲಿ” ಎಂದಾಗ, “ನಾಳೆ ಗಂಡನ ಮನೀಗೆ ಹೋಗಾಕಿ ನೀ” ಎಂದು ಉತ್ತರ ಬರುವದು. ಅವ್ವನಲ್ಲಿ ಕ್ರೌರ್ಯವಿಲ್ಲ, ಆಕೆಗೂ ಹಿಂದೆ ಅದೇ ಉತ್ತರ ಸಿಕ್ಕಿತ್ತು. 2024ರಲ್ಲಿ ಹತ್ತನೆಯ ವರ್ಗದವರಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆಗೆ ಕೂಡ್ರುವ ಅವಕಾಶವಾಯಿತು. ಮೊದಲ ಸಲ ತಪ್ಪಿದ ಹುಡುಗನನ್ನು ಎರಡನೆಯದಕ್ಕೆ ಕಳಿಸುವಷ್ಟು ಸುಲಭವಾಗಿ ಹುಡುಗಿಯನ್ನು ಕಳಿಸುವರೇ ಎಂಬುದನ್ನು ತಂದೆತಾಯಿಗಳೇ ಹೇಳಬೇಕು.

ಕಿರಿಯರ ಮಾತನ್ನು ಕೇಳುವದು ಈ ಪರಂಪರೆಗೆ ಹೊಸದಲ್ಲ. ವಯಸ್ಸಿನಲ್ಲಿ ಚಿಕ್ಕವರಾದ ಚನ್ನಬಸವಣ್ಣನವರನ್ನು ಹಿರಿಯ ಶರಣರು ಜ್ಞಾನದಲ್ಲಿ ಹಿರಿಯರೆಂದು ಮನ್ನಿಸಿದ ಸಂಗತಿಯನ್ನು ಪುರಾಣದಲ್ಲಿ ಕೇಳಿ ತಲೆದೂಗದವರಿಲ್ಲ. ಪ್ರಸಾದನಿಲಯಗಳಲ್ಲಿ ಸೋಮವಾರದ ಪ್ರಾರ್ಥನೆಯ ತರುವಾಯ ಅರ್ಧ ತಾಸು ಮಕ್ಕಳೇ ಮಾತಾಡಿ ಹಿರಿಯರು ಕೇಳುವಂತಾದರೆ ಖರ್ಚು ಯಾವದೂ ಇಲ್ಲ. ಖರ್ಚಿನ ಕೆಲಸವೂ ಒಂದುಂಟು. ತೋಟದ ಮನೆಗಳ ಹುಡುಗಿಯರಿಗಾಗಿ, ಬೇರೇನೂ ಆಗದಿದ್ದರೂ ಕಾರ್ತಿಕದಿಂದ ಪರೀಕ್ಷೆ ಮುಗಿಯುವ ವರೆಗಾದರೂ, ಪ್ರೌಢಶಾಲೆಯ ಊರಲ್ಲಿಯೇ ಉಳಿಯಲು ಒಂದು ಮನೆ, ಅಲ್ಲಿ ಒಬ್ಬ ಹಿರಿಯ ಅಕ್ಕ, ಎರಡು ಹೊತ್ತಿನ ಪ್ರಸಾದ ಇಷ್ಟು ಬೇಕು. ಜೋಳವನ್ನು ಕೊಡುವ ಕೈಗಳು ಈ ಸೀಮೆಯಲ್ಲಿ ಎಂದೂ ಬತ್ತಿಲ್ಲ. ಕಟ್ಟಡವೂ ಹೊಸದೇ ಆಗಬೇಕೆಂದಿಲ್ಲ, ಬೀಗ ಹಾಕಿದ ಮನೆಗಳು ಊರಲ್ಲಿ ಸಾಕಷ್ಟು ಇವೆ.

ಈ ಸಭೆಯು ಮುಗಿಯುವ ಹೊತ್ತನ್ನು ವ್ಯವಸ್ಥಾಪಕರು ತುಸು ಗಮನಿಸಬೇಕಾಗಿ ವಿನಂತಿ. ಮಂಟಪದ ಹಿಂಬದಿಯಲ್ಲಿ ಪಂಕ್ತಿಗೆ ಎಲೆ ಹಾಕುತ್ತಿರುವ ಹುಡುಗಿಯರಲ್ಲಿ ಕೆಲವರಿಗೆ ಆರು ಗಂಟೆಯ ಬಸ್ಸು ಹಿಡಿಯಬೇಕಾಗಿದೆ.