ರೇಸಿನ ಬದಿಯಲ್ಲಿ ನಿಂತವರು



ಮೋಟಾರು ರೇಸ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ಚಾಲಕ. ಅವನಿಗೆ ಹೆಲ್ಮೆಟ್ ಇದೆ, ಬೆಂಕಿ ತಡೆಯುವ ಉಡುಪಿದೆ, ಬಿಗಿಯಾದ ಬೆಲ್ಟ್ ಇದೆ. ಆದರೆ ಅವನೊಬ್ಬನಿಂದ ರೇಸ್ ನಡೆಯುವುದಿಲ್ಲ. ತಿರುವಿನಲ್ಲಿ ಬಾವುಟ ಹಿಡಿಯುವವರು ಬೇಕು, ಚಕ್ರ ಬದಲಿಸುವವರು ಬೇಕು, ಕೆಟ್ಟು ನಿಂತ ಕಾರನ್ನು ಎಳೆದು ಬದಿಗೆ ಹಾಕುವವರು ಬೇಕು. ನೋಡಲು ಜನರಂತೂ ಬೇಕೇ ಬೇಕು. ಇವರನ್ನೆಲ್ಲ ಕಾಯುವುದು ಮುಖ್ಯವಾಗಿ ಒಂದೇ ಸಂಗತಿ: ಕಾರಿಗೂ ತಮಗೂ ನಡುವಿನ ದೂರ. ಆ ದೂರ ಎಷ್ಟಿರಬೇಕು ಎಂಬುದನ್ನು ರೇಸಿನ ಲೋಕ ಕಲಿತ ಬಗೆಯೇ ಇವತ್ತಿನ ಮಾತು.

ಮೊದಲ ಪಾಠ 1903ರದು. ಮೇ 24ರ ನಸುಕಿನಲ್ಲಿ ಪ್ಯಾರಿಸ್ ಪಕ್ಕದ ವರ್ಸೈನಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ರೇಸ್ ಹೊರಟಿತು. ಇನ್ನೂರಕ್ಕೂ ಹೆಚ್ಚು ವಾಹನಗಳು. ರಸ್ತೆ ಎಂದರೆ ಊರಿನಿಂದ ಊರಿಗೆ ಹೋಗುವ ಮಾಮೂಲಿ ಮಣ್ಣಿನ ರಸ್ತೆ. ತೇರು ಎಳೆಯುವಾಗ ಕಡೇ ಗಳಿಗೆಯಲ್ಲಿ ಸರಿದು ದಾರಿ ಬಿಡುತ್ತಾರಲ್ಲ, ಹಾಗೆ ಜನ ರಸ್ತೆಯ ನಡುವೆಯೇ ನಿಂತು ಕಾರು ಹತ್ತಿರ ಬಂದಾಗ ಬದಿಗೆ ಸರಿಯುತ್ತಿದ್ದರು. ತೇರಿಗೆ ಅದು ನಡೆಯುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುವ ಯಂತ್ರಕ್ಕೆ ನಡೆಯುವುದಿಲ್ಲ. ಸಾಲದ್ದಕ್ಕೆ ಧೂಳು. ಹಿಂದಿನ ಕಾರಿನವನಿಗೆ ರಸ್ತೆಯೂ ಕಾಣದು, ಜನರೂ ಕಾಣರು. ಸತ್ತವರಲ್ಲಿ ರೆನೋ ಕಂಪನಿ ಕಟ್ಟಿದ ಸೋದರರಲ್ಲೊಬ್ಬರಾದ ಮಾರ್ಸೆಲ್ ರೆನೋ ಇದ್ದರು, ದಾರಿಬದಿಯಲ್ಲಿ ನಿಂತವರೂ ಇದ್ದರು. ಫ್ರೆಂಚ್ ಸರ್ಕಾರ ರೇಸನ್ನು ಬೋರ್ಡೋದಲ್ಲೇ ನಿಲ್ಲಿಸಿತು. ಕಾರುಗಳನ್ನು ಚಾಲೂ ಮಾಡಲೂ ಬಿಡಲಿಲ್ಲ. ಕುದುರೆ ಕಟ್ಟಿ ರೈಲು ನಿಲ್ದಾಣಕ್ಕೆ ಎಳೆಸಿ, ರೈಲಿನಲ್ಲಿ ವಾಪಸು ಕಳಿಸಿತು.

ಇದಾದ ಮೇಲೆ ಸಾರ್ವಜನಿಕ ಸಂಚಾರ ತಡೆದು, ಮುಚ್ಚಿದ ಸುತ್ತುದಾರಿಯಲ್ಲಿ ರೇಸ್ ನಡೆಸುವ ರೂಢಿ ಬಲವಾಯಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ತೆರೆಯಿತು. ಆದರೆ ರಸ್ತೆ ಮುಚ್ಚುವುದು ಬೇರೆ, ಜನರನ್ನು ದೂರ ಇಡುವುದು ಬೇರೆ. ಈ ವ್ಯತ್ಯಾಸ ಅರ್ಥವಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

1955ರ ಜೂನ್ 11, ಫ್ರಾನ್ಸಿನ ಲೆ ಮಾನ್. 24 ಗಂಟೆಗಳ ಈ ರೇಸ್ ಶುರುವಾದದ್ದು 1923ರಲ್ಲಿ, ಕಾರುಗಳು ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತಿದ್ದ ಕಾಲದಲ್ಲಿ. 1955ರ ಹೊತ್ತಿಗೆ ವೇಗ ಇನ್ನೂರೈವತ್ತು ದಾಟಿತ್ತು. ಕಾರು ನಿಲ್ಲಿಸಿ ಚಕ್ರ ಬದಲಿಸುವ ಜಾಗವಾದ ಪಿಟ್‌ನ ಎದುರಿನ ರಸ್ತೆ ಮಾತ್ರ ಹಾಗೇ ಇಕ್ಕಟ್ಟಾಗಿತ್ತು. ಪಿಟ್‌ಗೂ ಟ್ರ್ಯಾಕಿಗೂ ನಡುವೆ ಗೋಡೆಯೇ ಇರಲಿಲ್ಲ. ಚಾಲಕ ಮೈಕ್ ಹಾಥಾರ್ನ್ ಪಿಟ್‌ಗೆ ಹೋಗಲು ಬ್ರೇಕ್ ಹಾಕಿದರು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಎಳೆದರು. ಅವರ ಕಾರಿನ ಮೇಲೆ ಹತ್ತಿದ ಪಿಯರ್ ಲೆವೆಗ್ ಅವರ ಮರ್ಸಿಡಿಸ್ ಮಣ್ಣಿನ ದಿಬ್ಬಕ್ಕೆ ಬಡಿದು ಚೂರಾಯಿತು. ಇಂಜಿನ್, ಮುಂದಿನ ಆಕ್ಸಲ್, ಬಾನೆಟ್ ಜನರೊಳಗೆ ನುಗ್ಗಿದವು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಆದರೂ ರೇಸ್ ನಿಲ್ಲಲಿಲ್ಲ. ಜನ ಒಮ್ಮೆಗೇ ಹೊರಟರೆ ಆಂಬ್ಯುಲೆನ್ಸ್‌ಗೆ ದಾರಿ ಸಿಗದು ಎಂಬುದು ಸಂಘಟಕರು ಕೊಟ್ಟ ಕಾರಣ. ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ರೇಸನ್ನೇ ನಿಷೇಧಿಸಿತು. ಲೆ ಮಾನ್‌ನಲ್ಲಿ ಪಿಟ್ ಪ್ರದೇಶವನ್ನು ಕೆಡವಿ ಹೊಸದಾಗಿ ಕಟ್ಟಿದರು. ಎರಡು ವರ್ಷದ ನಂತರ ಇಟಲಿಯ ಮಿಲ್ಲೆ ಮಿಲ್ಯ ರೇಸಿನಲ್ಲಿ ಒಂದು ಫೆರಾರಿ ರಸ್ತೆಬದಿಯ ಜನರಿಗೆ ಬಡಿದು, ಐವರು ಮಕ್ಕಳೂ ಸೇರಿ ಒಂಬತ್ತು ಪ್ರೇಕ್ಷಕರು ಸತ್ತರು. ಹಳೆಯ ಬಗೆಯ ಮಿಲ್ಲೆ ಮಿಲ್ಯ ಅಲ್ಲಿಗೆ ಮುಗಿಯಿತು.

ಪ್ರೇಕ್ಷಕರನ್ನು ಗೋಡೆಯ, ಬೇಲಿಯ ಆಚೆ ಕಳಿಸಬಹುದು. ಕೆಲಸಗಾರರನ್ನು ಕಳಿಸಲಾಗದು, ಅವರ ಕೆಲಸ ಇರುವುದೇ ಈಚೆ. 1977ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಏನಾಯಿತು ನೋಡಿ. ರೆಂಜೊ ಜೊರ್ಜಿಯವರ ಕಾರು ಪಿಟ್‌ನ ಎದುರು ಬದಿಯಲ್ಲಿ ನಿಂತಿತು, ಸಣ್ಣಗೆ ಬೆಂಕಿ ಕಾಣಿಸಿತು. ಟ್ರ್ಯಾಕಿನ ಬದಿ ಕಾಯುವ ಇಬ್ಬರು ಮಾರ್ಷಲ್‌ಗಳು ಯಾರ ಸೂಚನೆಗೂ ಕಾಯದೆ ಟ್ರ್ಯಾಕಿಗೆ ಅಡ್ಡಲಾಗಿ ಓಡಿದರು. ಎರಡನೆಯವನು ಹತ್ತೊಂಬತ್ತು ವರ್ಷದ ಫ್ರೆಡೆರಿಕ್ ಯಾನ್ಸೆನ್ ಫಾನ್ ಫೂರೆನ್. ಕೈಯಲ್ಲಿ ಸುಮಾರು 18 ಕಿಲೋ ತೂಕದ ಅಗ್ನಿಶಾಮಕ ಸಿಲಿಂಡರ್. ಅಲ್ಲಿ ರಸ್ತೆ ಏರಿ ಇಳಿಯುತ್ತಿತ್ತು; ಏರಿನ ಆಚೆಯಿಂದ ಬರುವವರಿಗೆ ಈಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ಮುಂದಿದ್ದ ಕಾರು ಹೇಗೋ ತಪ್ಪಿಸಿಕೊಂಡಿತು. ಅದರ ಹಿಂದೆಯೇ ಇದ್ದ ಟಾಮ್ ಪ್ರೈಸ್‌ಗೆ ಸಮಯವೇ ಇರಲಿಲ್ಲ. ಹುಡುಗ ಸ್ಥಳದಲ್ಲೇ ಸತ್ತ. ಸಿಲಿಂಡರ್ ತಲೆಗೆ ಬಡಿದು ಪ್ರೈಸ್ ಕೂಡ. ಆ ಹುಡುಗನಿಗೆ ಧೈರ್ಯದ ಕೊರತೆ ಇರಲಿಲ್ಲ. ಅವನು ಇಳಿಯುವ ಮುನ್ನ ಬರುತ್ತಿದ್ದ ಕಾರುಗಳನ್ನು ನಿಧಾನಗೊಳಿಸುವ ವ್ಯವಸ್ಥೆಯ ಕೊರತೆ ಇತ್ತು.

ದೂರ ಕೊಡಲಾಗದ ಕಡೆ ವೇಗವನ್ನಾದರೂ ಇಳಿಸಬೇಕು ಎಂಬ ತಿಳಿವಳಿಕೆ ನಿಯಮವಾದದ್ದು ನಿಧಾನವಾಗಿ. 1993ರಲ್ಲಿ ಫಾರ್ಮುಲಾ ಒನ್‌ನಲ್ಲಿ ರೇಸಿನ ಕಾರುಗಳ ಮುಂದೆ ಹೋಗಿ ಅವುಗಳ ವೇಗ ಇಳಿಸುವ ಸೇಫ್ಟಿ ಕಾರ್ ಖಾಯಂ ಆಯಿತು. 1994ರ ಇಮೋಲಾ ರೇಸನ್ನು ನಾವು ನೆನೆಯುವುದು ಚಾಲಕ ಸೆನ್ನಾ ಸಾವಿಗಾಗಿ. ಅದೇ ರೇಸಿನಲ್ಲಿ ಪಿಟ್‌ನಿಂದ ಹೊರಟ ಕಾರೊಂದರ ಚಕ್ರ ಕಳಚಿ ಮೆಕ್ಯಾನಿಕ್‌ಗಳಿಗೆ ಬಡಿದಿತ್ತು. ಮುಂದಿನ ರೇಸಿನಿಂದಲೇ ಪಿಟ್ ಓಣಿಯಲ್ಲಿ ವೇಗದ ಮಿತಿ ಬಂತು. ಈಗ ಹೆಚ್ಚಿನ ಕಡೆ ಅದು ಗಂಟೆಗೆ 80 ಕಿಲೋಮೀಟರ್.

ಚಕ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಮೊಂಜಾದಲ್ಲಿ, ಮರುವರ್ಷ ಮೆಲ್ಬರ್ನ್‌ನಲ್ಲಿ, ಅಪಘಾತದಲ್ಲಿ ಕಿತ್ತುಬಂದ ಚಕ್ರ ತಗುಲಿ ಒಬ್ಬೊಬ್ಬ ಮಾರ್ಷಲ್ ಸತ್ತರು. ಮೆಲ್ಬರ್ನ್‌ನಲ್ಲಿ ಚಕ್ರ ತೂರಿ ಬಂದದ್ದು ಮಾರ್ಷಲ್‌ಗಳು ಓಡಾಡಲೆಂದು ಬೇಲಿಯಲ್ಲಿ ಬಿಟ್ಟಿದ್ದ ಕಿಂಡಿಯಿಂದ. ಮುಂದೆ, ಚಕ್ರವನ್ನು ಕಾರಿಗೆ ಕಟ್ಟುವ ಹಗ್ಗ ಒಂದಿದ್ದದ್ದು ಎರಡಾಯಿತು. 2013ರಲ್ಲಿ ಕೆನಡಾದಲ್ಲಿ ರೇಸ್ ಮುಗಿದ ಮೇಲೆ ಕೆಟ್ಟ ಕಾರನ್ನು ಸಾಗಿಸುತ್ತಿದ್ದಾಗ, ಕೈಜಾರಿದ ವಾಕಿಟಾಕಿ ಎತ್ತಿಕೊಳ್ಳಲು ಬಗ್ಗಿದ ಮಾರ್ಷಲ್ ಮೇಲೆ ಕ್ರೇನ್ ವಾಹನವೇ ಹರಿಯಿತು. ಅದೇ ವರ್ಷ ಜರ್ಮನಿಯಲ್ಲಿ ಉರುಳಿ ಬಂದ ಚಕ್ರ ಪಿಟ್‌ನಲ್ಲಿದ್ದ ಕ್ಯಾಮೆರಾಮನ್‌ಗೆ ಬಡಿಯಿತು. ಆಮೇಲೆ ಪಿಟ್ ಓಣಿಯಲ್ಲಿ ಕೆಲಸವಿರುವವರಿಗೆ ಹೆಲ್ಮೆಟ್ ಕಡ್ಡಾಯವಾಯಿತು.

ಹಾಗಾದರೆ 1903ರ ಪಾಠ ಹಳೆಯದಾಯಿತೇ? ಇಲ್ಲ. ಸರ್ಕ್ಯೂಟಿಗೆ ಬೇಲಿ ಹಾಕಬಹುದು. ರ‍್ಯಾಲಿ ಓಡುವುದು ಊರವರ ದಾರಿಯಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರ‍್ಯಾಲಿ ನಡೆಯುತ್ತಿದ್ದ ದಾರಿಗೆ ಒಂದು ಬೈಕ್ ಬಂತು. ಕಾರು ಬಡಿದು ಒಂದೇ ಮನೆಯ ಮೂವರು ತೀರಿಕೊಂಡರು. ದಾರಿ ಮುಚ್ಚಿದೆ ಎಂದು ಕಾಗದದಲ್ಲಿ ಬರೆದರೆ ಸಾಲದು. ಪ್ರತಿ ಕಾಲುದಾರಿ ಕೂಡುವಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು, ಹಿಂದಿನ ವಾರವೇ ಮನೆಮನೆಗೆ ಸುದ್ದಿ ಮುಟ್ಟಬೇಕು, ಅಡ್ಡ ಬಂದವರು ಕಂಡ ತಕ್ಷಣ ಮುಂದಿನ ಕಾರನ್ನು ತಡೆಯುವ ಅಧಿಕಾರ ಆ ಮಾರ್ಷಲ್‌ಗೆ ಇರಬೇಕು.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ರ‍್ಯಾಲಿ ನಡೆಯುತ್ತದೆ. ನೋಡಲು ಹೋಗುವವರು ನಾಲ್ಕು ಮಾತು ನೆನಪಿಟ್ಟುಕೊಳ್ಳಿ. ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದೇ ಆ ಕಡೆ. ರಸ್ತೆಯ ಮಟ್ಟಕ್ಕಿಂತ ಎತ್ತರದ ಜಾಗ ಹುಡುಕಿ. ಒಂದು ಕಾರು ಹೋಯಿತೆಂದು ದಾರಿ ದಾಟಬೇಡಿ. ಒಂದೆರಡು ನಿಮಿಷದ ಅಂತರದಲ್ಲಿ ಇನ್ನೊಂದು ಹೊರಟಿರುತ್ತದೆ. ಸೀಟಿ ಊದಿ ಹಿಂದೆ ಸರಿಯಿರಿ ಎನ್ನುವವರ ಮೇಲೆ ರೇಗಬೇಡಿ. ಹೆಚ್ಚಿನವರು ಸಂಬಳವಿಲ್ಲದೆ ಬಂದ ಸ್ವಯಂಸೇವಕರು, ನಿಮಗಿಂತ ಕಾರಿಗೆ ಹತ್ತಿರ ನಿಂತವರು. ನೀವು ಜಾಗದಲ್ಲಿ ಇದ್ದರೆ, ನಿಮ್ಮನ್ನು ಎಳೆದು ತರಲು ಅವರು ದಾರಿಗೆ ಇಳಿಯಬೇಕಾಗಿಲ್ಲ.