ಬಸುರಿಯರನ್ನು ಪ್ರಯೋಗದಿಂದ ದೂರ ಇಟ್ಟರೆ ಕ್ಷೇಮವೇ?

ಕಲಬುರಗಿ ಕಡೆಯಿಂದ ರೈಲು ಹತ್ತಿ ಪುಣೆಯಲ್ಲಿ ಇಳಿದರೆ, ಸ್ಟೇಷನ್‌ನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಸಿಗುತ್ತೆ. ಸಸೂನ್ ಆಸ್ಪತ್ರೆ. ಕೈಯಲ್ಲಿ ಕಾಸಿಲ್ಲದವರು ಹೋಗುವ ಜಾಗ. ಅದಕ್ಕೆ ಸೇರಿದ್ದೇ ಬಿ.ಜೆ. ಮೆಡಿಕಲ್ ಕಾಲೇಜು.

ಇಲ್ಲಿ ಒಂದು ಔಷಧ ಪ್ರಯೋಗ ನಡೀತು. ಯಾರ ಮೇಲೆ ಗೊತ್ತಾ? ಎಚ್‌ಐವಿ ಇರುವ ಬಸುರಿಯರ ಮೇಲೆ.

ಸಿಟ್ಟು ಬಂತಲ್ವಾ? ಬಡವರು, ಅದರಲ್ಲೂ ಬಸುರಿಯರು, ಪ್ರಯೋಗಕ್ಕೆ ಇವರೇ ಬೇಕಿತ್ತಾ ಅಂತ? ಸ್ವಲ್ಪ ತಡೀರಿ, ಕಥೆ ಪೂರ್ತಿ ಕೇಳಿ.

ಎಚ್‌ಐವಿ ಇದ್ದವರಿಗೆ ಟಿಬಿಯ ಭಯ ಜಾಸ್ತಿ. ಅದು ಬಾರದ ಹಾಗೆ ತಡೆಯೋಕೆ ಐಸೋನಿಯಾಜಿಡ್ ಅನ್ನೋ ಮಾತ್ರೆ ಇದೆ. ಅಗ್ಗ, ಹಳೆಯದು. ಬಸುರಿಯರಿಗೂ ಇದನ್ನು ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ಆದರೆ ಈ ಮಾತ್ರೆಯನ್ನು ಪರೀಕ್ಷಿಸಿದ ಹಿಂದಿನ ಪ್ರಯೋಗಗಳು ಬಸುರಿಯರನ್ನು ಹೊರಗೇ ಇಟ್ಟಿದ್ದವು. 'ಪಾಪ, ಅವರಿಗ್ಯಾಕೆ ತೊಂದರೆ' ಅಂತ. ಅಂದರೆ, ಪರೀಕ್ಷೆಗೆ ಬೇಡವಾದವರು ಮಾತ್ರೆ ನುಂಗೋಕೆ ಮಾತ್ರ ಬೇಕಾದರು!

ಈ ಕೊರತೆ ತುಂಬೋಕೆ ಭಾರತವೂ ಸೇರಿ 8 ದೇಶಗಳಲ್ಲಿ 956 ಮಹಿಳೆಯರನ್ನು ಸೇರಿಸಿಕೊಂಡರು. ಪುಣೆ ಅದರಲ್ಲಿ ಒಂದು ಕೇಂದ್ರ. ಅರ್ಧ ಜನಕ್ಕೆ ಬಸುರಿಯಾಗಿದ್ದಾಗಲೇ 28 ವಾರಗಳ ಐಸೋನಿಯಾಜಿಡ್ ಶುರು. ಉಳಿದವರಿಗೆ ಮೊದಲು ಮದ್ದಿಲ್ಲದ ಹುಸಿ ಮಾತ್ರೆ, ಹೆರಿಗೆಯಾಗಿ 12 ವಾರಕ್ಕೆ ಅಸಲಿ ಮಾತ್ರೆ. ಯಾರಿಗೆ ಯಾವುದು ಅನ್ನೋದು ಡಾಕ್ಟರಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

2019ರಲ್ಲಿ ಫಲಿತಾಂಶ ಬಂತು. ತಾಯಂದಿರ ಮೇಲಿನ ಗಂಭೀರ ಅಡ್ಡಪರಿಣಾಮ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಟಿಬಿ ಬಂದವರೂ ಎರಡೂ ಕಡೆ ತೀರಾ ಕಡಿಮೆ. ಬಹುತೇಕ ಎಲ್ಲರೂ ಎಚ್‌ಐವಿ ಔಷಧ ತಗೊಳ್ತಾ ಇದ್ದರು. ಆದರೆ ಗರ್ಭಪಾತ, ಹೊಟ್ಟೆಯಲ್ಲೇ ಮಗು ಹೋಗೋದು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು, ಇಂಥವನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ಬಸುರಿಯಾಗಿದ್ದಾಗಲೇ ಮಾತ್ರೆ ತಗೊಂಡವರಲ್ಲಿ ಶೇ. 23.6, ಆಮೇಲೆ ತಗೊಂಡವರಲ್ಲಿ ಶೇ. 17.

ಇದೇ ಕೊನೆಯ ಮಾತಲ್ಲ. ಟಿಬಿಯೂ ತಾಯಿ-ಮಗುವನ್ನು ಕೊಲ್ಲುತ್ತೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಬಸುರಿಯರಿಗೆ ಈ ಮಾತ್ರೆ ಕೂಡದು ಅಂತ ಹೇಳಲಿಲ್ಲ. ಆದರೆ ಈಗ ಡಾಕ್ಟರ್ ತೂಗಿ ನೋಡೋಕೆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನೋ ಇದೆ. ಮೊದಲು ಒಂದು ತಟ್ಟೆ ಖಾಲಿ ಇತ್ತು.

ಹಾಗಂತ ಸಿಕ್ಕಸಿಕ್ಕವರನ್ನು ಪ್ರಯೋಗಕ್ಕೆ ಎಳೆಯೋಕೆ ಆಗಲ್ಲ. ಎಥಿಕ್ಸ್ ಕಮಿಟಿ ಒಪ್ಪಬೇಕು. ವಿಷಯವನ್ನೆಲ್ಲ ಪ್ರಯೋಗಕ್ಕೆ ಸೇರುವ ತಾಯಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು. ಅಫಜಲಪುರದಿಂದ ದುಡಿಯೋಕೆ ಬಂದ ಹೆಣ್ಣುಮಗಳ ಮುಂದೆ ಮರಾಠಿ ಕಾಗದ ಹಿಡಿದರೆ ಅದು ಒಪ್ಪಿಗೆ ಅಲ್ಲ. ಓದು ಬಾರದಿದ್ದರೆ ಪ್ರಯೋಗಕ್ಕೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ನಡುವೆ 'ಬ್ಯಾಡ್ರಿ' ಅಂತ ಆಕೆ ಎದ್ದು ಹೋದರೂ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ನಿಮ್ಮ ಮನೆಯ ಬಸುರಿಗೆ ಯಾವುದೇ ಮಾತ್ರೆ ಬರೆದುಕೊಟ್ಟರೆ, ನೀವಾಗೇ ನಿಲ್ಲಿಸೋಕೆ ಹೋಗಬೇಡಿ. ಒಂದು ಪ್ರಶ್ನೆ ಕೇಳಿ: 'ಡಾಕ್ಟ್ರೇ, ಇದನ್ನ ಬಸುರಿಯರಿಗೆ ಕೊಟ್ಟು ನೋಡಿದ್ದಾರಾ?' 'ಹೌದು' ಅನ್ನೋ ಉತ್ತರ ಬಂದರೆ, ಅದರ ಹಿಂದೆ ಸಸೂನ್‌ನಂಥ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಎಲ್ಲ ಕೇಳಿಸಿಕೊಂಡು, ಹೆಬ್ಬೆಟ್ಟು ಒತ್ತಿದ ತಾಯಂದಿರಿದ್ದಾರೆ.